ಹೊಟ್ಟೆಯ ಮೇಲಿನ ಗೆರೆ

ಫಕೀರಬಿ ನಾಲ್ಕು ವರ್ಷದಲ್ಲಿ ಹದಿನಾಲ್ಕು ಹೆಣ ತೊಳೆದಳು. ಹದಿನಾಲ್ಕೂ ಹೆಂಗಸರವು. ಹದಿನಾಲ್ಕು ಜನರೂ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಈ ಹೆಸರಿನ ಹೆಂಗಸರು ನಮ್ಮಲ್ಲಿ ಯಾವತ್ತೂ ಕೆಲಸ ಮಾಡಿಲ್ಲ ಎಂದು ಕಾರ್ಖಾನೆಯವರು ಸರ್ಕಾರಕ್ಕೆ ಬರೆದುಕೊಟ್ಟರು. ಇದು ಎಂಬತ್ತಮೂರನೇ ಇಸವಿಯ ಮಾತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಕೂಡ್ಲಿಗಿಯಿಂದ ಕಾನಹೊಸಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಒಂದು ಕಡೆ ಗಿಡ, ಬೇಲಿ, ಗುಡಿಸಲು ಎಲ್ಲ ಬೆಳ್ಳಗೆ ಕಾಣುತ್ತಿದ್ದವು. ಬೆಣಚುಕಲ್ಲಿನ ಪುಡಿ. ಗುಡ್ಡದ ಕಲ್ಲನ್ನು ಕಿತ್ತು, ಯಂತ್ರದಲ್ಲಿ ಅರೆದು, ಜರಡಿ ಹಿಡಿದು, ಚೀಲ ತುಂಬಿ ಲಾರಿಯಲ್ಲಿ ಕಳಿಸುತ್ತಿದ್ದರು. ಎಲ್ಲಿಯೋ ದೂರದಲ್ಲಿ ಅದರಿಂದ ಗಾಜು, ಪಿಂಗಾಣಿ ಬಸಿ ಕಪ್ಪು ಮಾಡುತ್ತಾರಂತೆ. ಕಲ್ಲು ಒಡೆಯುವುದು ಗಂಡಸರ ಕೆಲಸ, ಜರಡಿ ಹಿಡಿಯುವುದು ಹೆಂಗಸರದು. ಜರಡಿ ಹಿಡಿಯುವ ತಗಡಿನ ಶೆಡ್ಡಿಗೆ ಕಿಟಕಿ ಇರಲಿಲ್ಲ. ಪುಡಿ ಗಾಳಿಗೆ ಹಾರಿ ಹೋದರೆ ಕಂಪನಿಗೆ ನಷ್ಟ. ಹಾರಿ ಹೋಗದ ಪುಡಿ ಹೆಂಗಸರ ಎದೆಯೊಳಗೆ ಹೋಯಿತು.

ಜರಡಿ ಎಂದರೆ ಅಡಿಗೆಮನೆಯದಲ್ಲ. ಎರಡು ಮೊಳ ಅಗಲ, ಕಬ್ಬಿಣದ ಅಂಚು. ಎರಡು ಕೈಯಲ್ಲಿ ಹಿಡಿದು, ಹತ್ತಿರದ ಅಂಚನ್ನು ಹೊಕ್ಕುಳದ ಮೇಲೆ ಒತ್ತಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಾಡಿಸಬೇಕು. ಮೊದಲ ತಿಂಗಳು ಚರ್ಮ ಸುಲಿಯುತ್ತದೆ, ರಕ್ತ ಕುಪ್ಪಸಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಅಲ್ಲಿ ದಡ್ಡು ಬೀಳುತ್ತದೆ. ಆಮೇಲೆ ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಕಪ್ಪು ಗೆರೆ ಉಳಿಯುತ್ತದೆ. ಕೆಲಸ ಬಿಟ್ಟರೂ ಅದು ಹೋಗುವುದಿಲ್ಲ.

ಕಂಪನಿಗೆ ಆಳು ಒದಗಿಸುವ ಗುತ್ತಿಗೆ ಇಸಾಕಸಾಬನದು. ಅವನೇ ಊರಿನ ಮುಸಲ್ಮಾನರ ಜಮಾತಿಗೆ ಮುತವಲ್ಲಿ, ಅಂದರೆ ಯಜಮಾನ ಕೂಡ. ದಿನಾ ಬೆಳಿಗ್ಗೆ ಗೇಟಿನ ಮುಂದೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ "ಉಸಿರು ಹಿಡೀರಿ" ಅನ್ನುತ್ತಿದ್ದ. ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಿದ್ದ, ಬೇಕಂತಲೇ ನಿಧಾನವಾಗಿ. ನಡುವೆ ಕೆಮ್ಮಿದವಳು ಮನೆಗೆ. ಮೂರು ದಿನ ಕೆಮ್ಮಿದವಳು ಮತ್ತೆ ಬರುವ ಹಾಗಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣು ಹೊರಗೆ ಬಂದರೂ ಕೆಮ್ಮು ನುಂಗಿ ನಿಂತವರನ್ನು ನಾನೇ ನೋಡಿದ್ದೇನೆ. ಹೀಗಾಗಿ ಕಂಪನಿಯಲ್ಲಿ ಒಬ್ಬ ಹೆಣ್ಣಾಳೂ ಸಾಯಲಿಲ್ಲ. ಎಲ್ಲರೂ ಕೆಲಸ ಬಿಡಿಸಿಕೊಂಡು ಮನೆಗೆ ಬಂದೇ ಸತ್ತರು.

ನಾನು ಅಬ್ದುಲ್ ವಹಾಬ. ಇದೇ ಊರಿನವನು. ಕೂಡ್ಲಿಗಿ ತಾಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದೆ. ಮಾನ್ಯರೇ, ತಮ್ಮ ಪಾದಾರವಿಂದಗಳಲ್ಲಿ ಬೇಡಿಕೊಳ್ಳುವುದೇನೆಂದರೆ ಎಂದು ಸಾವಿರ ಸಲ ಬಡಿದ ಬೆರಳು ನನ್ನವು. ಈ ಕಥೆಯಲ್ಲಿ ನನ್ನ ಪಾಲಿನ ಪಾಪವೂ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಬಂದವಳು ಜಂಬಕ್ಕ. ಗುಡ್ಡದ ಕೆಳಗಿನ ಕೇರಿಯವಳು, ಜರಡಿ ಶೆಡ್ಡಿನಲ್ಲಿ ಆರು ವರ್ಷ ದುಡಿದವಳು. ಗಂಡ ಹುಲುಗಣ್ಣ ಅಲ್ಲೇ ಕಲ್ಲು ಒಡೆಯುತ್ತಿದ್ದ. ಜಂಬಕ್ಕನ ಹಿಂದೆ ಫಕೀರಬಿ ನಿಂತಿದ್ದಳು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು. ನಮ್ಮವರಲ್ಲಿ ಹೆಂಗಸರು ಸತ್ತರೆ ಮಯ್ಯತ್ ತೊಳೆಯುವವಳು ಆಕೆಯೇ. ತಾಯಿಯಿಂದ ಬಂದ ಕೆಲಸ. ಮೂರು ವರ್ಷ ತಾನೂ ಜರಡಿ ಹಿಡಿದು, ಕೆಮ್ಮು ಹತ್ತಿ ಗೇಟಿನಿಂದ ವಾಪಸು ಬಂದಿದ್ದಳು. ಈಗ ಮಗಳು ಬಿಬಿಜಾನ್ ಅದೇ ಜರಡಿ ಹಿಡಿಯುತ್ತಿದ್ದಳು.

"ನಮ್ಗ ಪರಿಹಾರ ಬ್ಯಾಡ ವಹಾಬಣ್ಣ" ಎಂದಳು ಜಂಬಕ್ಕ. "ಇವ್ರು ನಮ್ ಆಳು, ನಮ್ ಪುಡಿ ಕುಡುದು ಸತ್ರು ಅಂತ ಕಂಪ್ನಿ ಒಪ್ಕಬೇಕು. ಶೆಡ್ಡಿಗಿ ಕಿಟಕಿ ಹೊಡಸ್ಬೇಕು. ಇರೋರು ಉಳೀಲಿ."

"ಅವರ ಪುಸ್ತಕದಾಗ ಹೆಸರಽ ಇಲ್ಲಲ್ಲವ್ವ. ಏನಂತ ತೋರಿಸ್ತಿ?" ಎಂದೆ.

ಜಂಬಕ್ಕ ಫಕೀರಬಿಯ ಮುಖ ನೋಡಿದಳು. ಫಕೀರಬಿ ನೆಲ ನೋಡುತ್ತಲೇ ಬಾಯಿ ಬಿಟ್ಟಳು.

"ಹದಿನಾಲ್ಕು ಮಂದಿಗೂ ಹೊಟ್ಟಿ ಮ್ಯಾಲ ಗೆರಿ ಇತ್ತು ವಹಾಬ್‌ಭಾಯ್. ನಾ ತೊಳದೀನಿ. ನನ್ ಕೈಗೆ ಗೊತ್ತೈತಿ."

ಅಷ್ಟು ಹೇಳಿ ಎರಡೂ ಕೆನ್ನೆ ಬಡಿದುಕೊಂಡಳು. ತೊಬಾ ತೊಬಾ ಎಂದಳು. ಮಯ್ಯತ್ ತೊಳೆದವರು ಆ ಮೈಮೇಲೆ ಕಂಡ ಐಬನ್ನು ಯಾರಿಗೂ ಹೇಳಬಾರದು. ಸತ್ತವರ ಮಾನ ತೊಳೆದವರ ಕೈಯಲ್ಲಿರುತ್ತದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಮೂವತ್ತು ವರ್ಷ ಒಂದು ಮಾತು ಹೊರಗೆ ಹಾಕದವಳು ಅವತ್ತು ಬೇವಿನ ಮರದ ಕೆಳಗೆ ಹಾಕಿದಳು.

ನಾನು ಬರೆದೆ. ಹದಿನಾಲ್ಕು ಹೆಸರು, ಊರು, ಸತ್ತ ತಿಂಗಳು. ಕೆಳಗೆ, ಹೆಣಗಳನ್ನು ತೊಳೆದ ಸಾಕ್ಷಿ ಫಕೀರಬಿ, ಇಂಥ ಓಣಿ, ಇಂಥ ಮನೆ. ಅರ್ಜಿಯಲ್ಲಿ ಸಾಕ್ಷಿಯ ಹೆಸರು ವಿಳಾಸ ಇಲ್ಲದಿದ್ದರೆ ಕಸದ ಬುಟ್ಟಿಗೆ ಹಾಕುತ್ತಾರೆ ಎಂಬುದು ನನ್ನ ಕಸುಬಿನ ಜಾಣತನ. ಅರ್ಜಿಯ ಒಂದು ನಕಲು ಎದುರಾಳಿಗೆ ಹೋಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿ ಹಿಗ್ಗಿದೆ ಬೇರೆ. ಥೂ.

ಹದಿನೈದು ದಿನಕ್ಕೆ ಜಂಬಕ್ಕನನ್ನು ಹಿಡಿದುಕೊಂಡು ಹೋದರು. ಕಾರ್ಖಾನೆಯ ಮೋಟಾರಿನ ತಾಮ್ರದ ತಂತಿ ಕದ್ದಳಂತೆ. ಅವಳ ಗುಡಿಸಲಿನ ಹುಲ್ಲಿನೊಳಗೆ ತಂತಿ ಸಿಕ್ಕಿತಂತೆ. ಇಟ್ಟವರೇ ತೆಗೆದರು. ಠಾಣೆಯಲ್ಲಿ ಎರಡು ದಿನ ಅಂಗಾಲಿಗೆ ಹೊಡೆದರು. ಹುಲುಗಣ್ಣ ಬುತ್ತಿ ಕಟ್ಟಿಕೊಂಡು ಹೋದರೆ ಅವಳು ಕುಂಡಿ ಮೇಲೆ ತೆವಳಿಕೊಂಡು ಸರಳಿನ ಹತ್ತಿರ ಬಂದಳಂತೆ.

"ಫಕೀರಬಕ್ಕನ್ನ ಕಾಯ್ರಿ" ಎಂದಳಂತೆ. "ನನ್ ಬಿಡ್ರಿ. ಆಕಿ ಒಬ್ಬಾಕಿ ಉಳದ್ರ ಸಾಕು." ಮರುದಿನ ಅವಳನ್ನು ಬಳ್ಳಾರಿ ಜೈಲಿಗೆ ಸಾಗಿಸಿದರು.

ಹುಲುಗಣ್ಣ ನನ್ನ ಮುಂದೆ ಕೂತು ಅತ್ತ. ನಾನು ಮತ್ತೆ ಟೈಪ್‌ರೈಟರ್‌ಗೆ ಕಾಗದ ಹಾಕಿದೆ. ಸಾಕ್ಷಿ ಫಕೀರಬಿಯ ಜೀವಕ್ಕೆ ಅಪಾಯವಿರುವುದರಿಂದ ರಕ್ಷಣೆ ಕೊಡಬೇಕಾಗಿ ವಿನಂತಿ. ಮೂರು ಸಲ ಕಳಿಸಿದೆ. ಮೂರನೆಯದಕ್ಕೆ ರಕ್ಷಣೆ ಬಂತು.

ರಕ್ಷಣೆ ಎಂದರೆ ಹನುಮಣ್ಣ ಎಂಬ ಪೇದೆ. ಬೆಳಿಗ್ಗೆ ಎಂಟಕ್ಕೆ ಬಂದು ಫಕೀರಬಿಯ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಕುರ್ಚಿ ಕಂಪನಿಯದು. ಹತ್ತು ಗಂಟೆಗೆ ಚಹಾ ಬರುತ್ತಿತ್ತು, ಅದೂ ಕಂಪನಿಯದು. ಆ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು ಎಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸಂಜೆ ಆ ಪುಸ್ತಕ ಮ್ಯಾನೇಜರನ ಟೇಬಲ್ಲಿಗೆ ಹೋಗುತ್ತಿತ್ತು. ಪುಸ್ತಕದಲ್ಲಿ ಹೆಸರು ಬಿದ್ದ ಹೆಂಗಸಿಗೆ ಮರುದಿನ ಗೇಟಿನಲ್ಲಿ ಇಪ್ಪತ್ತರ ಬದಲು ನಲವತ್ತು ಎಣಿಸುತ್ತಿದ್ದರು. ಒಂದು ವಾರಕ್ಕೆ ಓಣಿಯವರು ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟರು.

"ನಂದೇನೈತಿ ಆಪಾ" ಎನ್ನುತ್ತಿದ್ದ ಹನುಮಣ್ಣ, ಅವಳ ಮುಖ ನೋಡದೆ. "ಬರಕೋ ಅಂದಾರ, ಬರಕೊಂತೀನಿ."

"ಬರಕೋ ತಮ್ಮಾ" ಎಂದಳು ಫಕೀರಬಿ. "ಇವತ್ತು ಯಾರೂ ಬಂದಿಲ್ಲ ಅಂತ ಬರಕೋ."

ವಿಚಾರಣೆಗೆ ಎಂಟು ದಿನವಿದ್ದಾಗ ಇಸಾಕಸಾಬ ಜಮಾತು ಕೂಡಿಸಿದ. ನಾನೂ ಹೋಗಿದ್ದೆ. ಗಂಡಸರೆಲ್ಲ ಕಟ್ಟೆಯ ಮೇಲೆ. ಫಕೀರಬಿ ಕೆಳಗೆ, ಬಿಸಿಲಲ್ಲಿ.

"ಮಯ್ಯತ್ತಿನ ಐಬು ಕಚೇರಿಯಾಗ ಹೇಳ್ತಿಯಂತ?" ಎಂದ ಇಸಾಕಸಾಬ. ಮೆತ್ತಗೆ ಮಾತಾಡುವ ಮನುಷ್ಯ. ಗದರಿದ್ದನ್ನು ನಾನು ಕೇಳಿಲ್ಲ. "ನಮ್ ಹೆಣ್ಮಕ್ಕಳ ಹೊಟ್ಟಿ ಹೆಂಗಿತ್ತು, ಮೈ ಹೆಂಗಿತ್ತು ಅಂತ ಪರಗಂಡಸರ ಮುಂದ ಹೇಳ್ತಿ. ಅಲ್ಲಾಗ ಏನ್ ಜವಾಬ್ ಕೊಡ್ತಿ ಫಕೀರಬಿ?"

ಕಟ್ಟೆಯ ಮೇಲಿನ ತಲೆಗಳು ಹೌದು ಹೌದು ಎಂದವು. ಅವರಲ್ಲಿ ಐದು ಮಂದಿಯ ಹೆಂಡತಿಯರನ್ನೋ ಹೆಣ್ಣುಮಕ್ಕಳನ್ನೋ ಫಕೀರಬಿ ತೊಳೆದಿದ್ದಳು. ಐದೂ ತಲೆ ಹೌದೆಂದವು. ನನ್ನದು ಆಡಲಿಲ್ಲ, ಆದರೆ ನಾನು ಬಾಯಿಯನ್ನೂ ಬಿಡಲಿಲ್ಲ.

ಫಕೀರಬಿ ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಎಲ್ಲರೂ ಕಾಯಬೇಕಾಯಿತು. ಆಮೇಲೆ ತಲೆ ಎತ್ತಿದಳು.

"ಸತ್ತೋರ ಐಬು ಮುಚ್ಚು ಅಂದಾರ. ಮುಚ್ಚೀನಿ. ಒಬ್ಬಾಕಿಗೆ ಗಂಡ ಹೊಡದಿದ್ದು ನೋಡೀನಿ, ಮುಚ್ಚೀನಿ. ಒಬ್ಬಾಕಿ ಬಸುರಿದ್ಲು, ಮುಚ್ಚೀನಿ. ನಿಮ್ ಮನೀವು ಎಷ್ಟ್ ಮುಚ್ಚೀನಿ, ನಿಮ್ಗ ಗೊತ್ತಿಲ್ಲೇನು? ಈ ಗೆರಿ ಸತ್ತೋರ ಐಬಲ್ಲ ಇಸಾಕ್‌ಭಾಯ್. ಕೊಂದೋರ ಐಬು. ಅದನ್ನ ಮುಚ್ಚು ಅಂತ ಯಾವ ಕಿತಾಬಿನಾಗ ಐತಿ, ತೋರ್ಸು."

ಅವತ್ತಿನಿಂದ ಅವಳು ಮಯ್ಯತ್ ಮುಟ್ಟಬಾರದು ಎಂದು ತೀರ್ಮಾನವಾಯಿತು. ಹೆಣ ತೊಳೆಯುವ ಹಲಗೆ, ತಾಮ್ರದ ಹಂಡೆ, ತಂಬಿಗೆ ಎಲ್ಲವನ್ನೂ ಅವಳ ಮನೆಯಿಂದ ಎತ್ತಿಕೊಂಡು ಹೋದರು. ಇನ್ನು ಮುಂದೆ ಕೊಟ್ಟೂರಿನಿಂದ ಜೈತುನ್ ಬೀ ಎಂಬ ಮುದುಕಿಯನ್ನು ಕರೆಸುವುದಂತೆ. ಫಕೀರಬಿ ಬಾಗಿಲಲ್ಲಿ ನಿಂತು ಹಲಗೆ ಹೋಗುವುದನ್ನು ನೋಡಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಿಚಾರಣೆ ಪ್ರವಾಸಿ ಮಂದಿರದಲ್ಲಿ. ಜಿಲ್ಲೆಯಿಂದ ಕಾರ್ಮಿಕ ಅಧಿಕಾರಿ ಬಂದಿದ್ದ. ಮ್ಯಾನೇಜರು, ಕಂಪನಿಯ ವಕೀಲ, ಇಸಾಕಸಾಬ, ಇಬ್ಬರು ಗುಮಾಸ್ತರು, ಅರ್ಜಿ ಬರೆದ ನಾನು. ಹೊರಗೆ ಕಂಪೌಂಡಿನ ಆಚೆ ಜರಡಿ ಹೆಂಗಸರು ಮೂವತ್ತು ಜನ ನಿಂತಿದ್ದರು. ಒಳಗೆ ಬಂದವರಿಗೆ ನಾಳೆಯಿಂದ ಗೇಟಿಲ್ಲ ಎಂದು ಮೊದಲೇ ಹೇಳಿಯಾಗಿತ್ತು. ಬಿಬಿಜಾನಳಿಗೂ ತಾಯಿಯೇ ಬರಬೇಡ ಎಂದಿದ್ದಳು.

ಫಕೀರಬಿ ಹದಿನಾಲ್ಕು ಹೆಸರು ಬಾಯಲ್ಲೇ ಹೇಳಿದಳು. ಗೆರೆಯ ವಿಷಯ ಹೇಳಿದಳು. ವಕೀಲ ಎದ್ದ.

"ಗೆರೆ ಎಲ್ಲಿತ್ತಮ್ಮ?"

"ಹೊಟ್ಟಿ ಮ್ಯಾಲ್ರಿ."

"ಹೊಟ್ಟೆ ಅಂದ್ರೆ ಎಲ್ಲಿ? ಹೊಕ್ಕುಳ ಕೆಳಗಾ ಮೇಲಾ? ಎಷ್ಟು ಕೆಳಗೆ ನೋಡಿದ್ದೀರಿ?"

ಗುಮಾಸ್ತನೊಬ್ಬ ಕಿಸಕ್ಕನೆ ನಕ್ಕ. ಫಕೀರಬಿಯ ಕೈ ಸೆರಗನ್ನು ಹಿಂಡುತ್ತಿತ್ತು.

"ಮ್ಯಾಲ್ರಿ. ಎರಡು ಬೆಟ್ಟು ಮ್ಯಾಲ."

"ಸೀರೆ ಬಿಗಿಯಾಗಿ ಕಟ್ಟಿದ್ರೂ ಗೆರೆ ಬೀಳುತ್ತೆ. ಮಕ್ಕಳು ಹೆತ್ರೂ ಬೀಳುತ್ತೆ. ಸತ್ತವರನ್ನ ಈಗ ತೋರಿಸೋಕಾಗಲ್ಲ. ಹೌದೋ ಅಲ್ವೋ?"

"ಹೌದ್ರಿ."

"ಅಂದ್ರೆ ನಿಮ್ಮ ಮಾತೊಂದೇ. ನಿಮ್ಮ ಧರ್ಮದ ಕಟ್ಟಳೆ ಮುರಿದವರ ಮಾತು. ನಿಮ್ಮ ಜಮಾತೇ ನಿಮ್ಮನ್ನ ಹೊರಗೆ ಹಾಕಿದೆ. ಅಷ್ಟೇ ಸಾರ್."

ಅಧಿಕಾರಿ ಪೆನ್ನಿನ ಟೊಪ್ಪಿಗೆ ಹಾಕಲು ಹೊರಟ. ಆಗ ಫಕೀರಬಿ ಎದ್ದು ಟೇಬಲ್ಲಿನ ಹತ್ತಿರ ಹೋದಳು. ಐವತ್ತು ದಾಟಿದ ಹೆಂಗಸು. ನನ್ನ ಮುಂದೆ ಕೂಡ ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಆಕೆ ಸೆರಗು ಸರಿಸಿದಳು. ಸೊಂಟದವರೆಗಿನ ಉದ್ದ ಕುಪ್ಪಸದ ಅಂಚು ಹಿಡಿದು ಎದೆಯ ಬುಡದ ತನಕ ಎತ್ತಿದಳು. ಒಣಗಿದ ಹೊಟ್ಟೆ. ಎಣಿಸಬಹುದಾದ ಪಕ್ಕೆಲುಬು. ಅಡ್ಡಕ್ಕೆ, ಈ ತುದಿಯಿಂದ ಆ ತುದಿಗೆ, ಬೆರಳು ದಪ್ಪದ ಕಪ್ಪು ಗೆರೆ.

"ನೋಡ್ರಿ. ಇದು ಸೀರಿ ಗೆರಿ ಏನ್ರಿ?"

ಏಳು ಮಂದಿ ಗಂಡಸರು. ಮ್ಯಾನೇಜರು ಕಿಟಕಿಯ ಕಡೆ ತಿರುಗಿದ. ಅಧಿಕಾರಿಯ ಮುಖ ಕೆಂಪಾಯಿತು.

"ಆಯ್ತಮ್ಮ, ಮುಚ್ಕೊಳ್ಳಿ."

"ಬರಕೊಳ್ರಿ."

"ಮೊದ್ಲು ಮುಚ್ಕೊಳ್ಳಮ್ಮ."

"ಬರಿಯೋ ತನ ಮುಚ್ಚಂಗಿಲ್ಲ."

ಇಸಾಕಸಾಬ ಉರ್ದುವಿನಲ್ಲಿ ಏನೋ ಬೈದ. ಅವಳು ಅತ್ತ ತಿರುಗಲಿಲ್ಲ. ನನಗೆ ಎದ್ದು ನಿನ್ನ ಮಾನ ಮುಚ್ಚಿಕೋ ತಾಯಿ ಅನ್ನಬೇಕು ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಅಧಿಕಾರಿ ಬರೆದ. ಅವಳಿಗೆ ಓದಲು ಬಾರದು. "ವಹಾಬ್‌ಭಾಯ್, ಏನ್ ಬರದಾರ ಓದು" ಎಂದಳು. ನಾನು ಹೋಗಿ ಗಟ್ಟಿಯಾಗಿ ಓದಿದೆ. "ಸಾಕ್ಷಿಯ ಹೊಟ್ಟೆಯ ಮೇಲೆ ಜರಡಿಯ ಅಂಚಿನಿಂದ ಆದ ಗುರುತು ಕಂಡುಬಂದಿರುತ್ತದೆ."

ಆಮೇಲೆ ಮುಚ್ಚಿಕೊಂಡಳು.

ಹೊರಗೆ ಬಂದಾಗ ಹೆಂಗಸರು ಅವಳನ್ನು ಮುತ್ತಿಕೊಂಡರು. ಮುಂದಿನ ವಾಯಿದೆ ಇಪ್ಪತ್ತನೆಯ ತಾರೀಖು. ಉಚ್ಚಂಗೆಮ್ಮ ಎಂಬ ಗಟ್ಟಿ ಹೆಂಗಸು "ಅವತ್ತು ನಾವೂ ಒಳಗ ಬರ್ತೀವಿ, ಎಲ್ರೂ ತೋರಿಸ್ತೀವಿ, ಎಷ್ಟ್ ಮಂದೀನ ಮುಚ್ಚಸ್ತಾರ ನೋಡಾಣ" ಎಂದಳು. ಮ್ಯಾನೇಜರು ಜೀಪಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡ.

ಮರುದಿನ ಬಾಗಿಲ ಮುಂದಿನ ಕುರ್ಚಿ ಇರಲಿಲ್ಲ. ಸಾಕ್ಷಿ ಹೇಳಿಕೆ ಮುಗಿದಿರುವುದರಿಂದ ರಕ್ಷಣೆ ಹಿಂತೆಗೆದುಕೊಳ್ಳಲಾಗಿದೆಯಂತೆ. ನಾನು ಠಾಣೆಗೆ ಓಡಿದೆ. "ಓಣಿ ಮಂದಿ ಬೇಡ ಬೇಡ ಅಂತಿದ್ರಲ್ರಿ ಪೇದೆನ್ನ, ತಗದೀವಿ" ಎಂದು ನಕ್ಕರು.

ಹದಿನೇಳನೆಯ ತಾರೀಖು ಬೆಳಿಗ್ಗೆ ಫಕೀರಬಿ ಕಾನಹೊಸಹಳ್ಳಿ ರಸ್ತೆಯ ಬದಿ ಹೆಣವಾಗಿ ಸಿಕ್ಕಳು. ಲಾರಿ ಹೊಡೆದುಕೊಂಡು ಹೋಗಿದೆ, ಯಾವ ಲಾರಿ ಗೊತ್ತಿಲ್ಲ ಎಂದರು. ಇಸಾಕಸಾಬನೇ ಎಲ್ಲ ಓಡಾಡಿದ. ಆಸ್ಪತ್ರೆಗೆ ಹೋಗಿ ನಮ್ಮ ಹೆಣ್ಣುಮಗಳನ್ನು ಕೊಯ್ಯಬೇಡಿ ಎಂದು ಕೈಮುಗಿದನಂತೆ. ಕೊಯ್ಯದೆಯೇ ಅಪಘಾತ ಎಂದು ಬರೆದು ಕೊಟ್ಟರು. ಓಣಿಯವರು ಇಸಾಕಸಾಬನ ದೊಡ್ಡ ಮನಸ್ಸನ್ನು ಹೊಗಳಿದರು. ಕೊಟ್ಟೂರಿನಿಂದ ಜೈತುನ್ ಬೀಯನ್ನು ಕರೆತರಲು ಅವನೇ ಜೀಪು ಕಳಿಸಿದ. ಮಸೀದಿಯಿಂದ ಹಲಗೆ, ಹಂಡೆ, ಹೆಣಕ್ಕೆ ಸುತ್ತುವ ಕಫನ್ನಿನ ಬಟ್ಟೆ ತರಿಸಿದ.

ಜೀಪು ಬಂದು ನಿಂತಾಗ ಬಿಬಿಜಾನ್ ಬಾಗಿಲಿಗೆ ಅಡ್ಡ ನಿಂತಳು. ಇಪ್ಪತ್ತೆರಡು ವರ್ಷದ ಹುಡುಗಿ, ನೋಡಲು ನಲವತ್ತು.

"ನಮ್ಮವ್ವನ್ನ ನಾ ತೊಳಿತೀನಿ."

"ನಿಂಗ ತಿಳಿಯಂಗಿಲ್ಲ ಬೇಟಿ" ಎಂದ ಇಸಾಕಸಾಬ. "ಹಿರೇರು ಮಾಡ್ಲಿ."

"ಚಿಕ್ಕಂದಿನಿಂದ ನೀರು ಹಾಕಿ ಕೊಟ್ಟೀನಿ. ತಿಳಿತೈತಿ. ನೀ ಸರಿ."

ಮುದುಕಿ ಜೈತುನ್ ಬೀ ಜೀಪಿನಿಂದ ಇಳಿಯಲೇ ಇಲ್ಲ. ಅವಳಿಗೂ ಏನೋ ವಾಸನೆ ಹೊಡೆದಿರಬೇಕು. ಉಚ್ಚಂಗೆಮ್ಮ ಮತ್ತೆ ಶೆಡ್ಡಿನ ನಾಲ್ವರು ಕೆಲಸ ಬಿಟ್ಟು ಬಂದಿದ್ದರು. ಮಯ್ಯತ್ತಿನ ಹತ್ತಿರ ಬೇರೆಯವರು ಬರಬಾರದು ಎಂದ ಯಾರೋ. ಉಚ್ಚಂಗೆಮ್ಮ ನೀರಿನ ಕೊಡ ಹೊತ್ತುಕೊಂಡು ಸೀದಾ ಒಳಗೆ ಹೋದಳು. ಬಾಗಿಲು ಹಾಕಿಕೊಂಡರು.

ಗಂಡಸರು ಅಂಗಳದಲ್ಲಿ ಕೂತೆವು. ಒಳಗೆ ನೀರು ಸುರಿಯುವ ಸದ್ದು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಪಿಸುಮಾತಿಲ್ಲ, ಅಳುವಿಲ್ಲ. ಮತ್ತೆ ಎಷ್ಟೋ ಹೊತ್ತಿನ ಮೇಲೆ ನೀರು. ಬಾಗಿಲು ತೆಗೆದಾಗ ಬಿಬಿಜಾನಳ ಅಂಗೈಯಲ್ಲಿ ಒದ್ದೆ ಹತ್ತಿಯ ಉಂಡೆಗಳಿದ್ದವು.

ಮಯ್ಯತ್ ತೊಳೆಯುವಾಗ ಒದ್ದೆ ಹತ್ತಿಯಿಂದ ಬಾಯಿ ಒರೆಸುತ್ತಾರೆ. ಬಿಬಿಜಾನ್ ಒಂದು ಉಂಡೆ ಹಾಕಿದಳಂತೆ, ಬಿಳಿ ಹಿಟ್ಟು ಮೆತ್ತಿಕೊಂಡು ಬಂತಂತೆ. ಎರಡನೆಯದಕ್ಕೂ ಹಿಟ್ಟು. ಒಂಬತ್ತು ಉಂಡೆ.

"ಬಾಯಿ ತುಂಬ ಪುಡಿ ತುರುಕ್ಯಾರ" ಎಂದಳು ಎಲ್ಲರಿಗೂ ಕೇಳುವ ಹಾಗೆ. "ಗಂಟಲ ತನ ತುರುಕ್ಯಾರ. ಎರಡೂ ಮುಂಗೈಗೆ ಹಗ್ಗದ ಬರಿ ಅದಾವ. ಲಾರಿ ಗಾಲಿ ಹತ್ತಿದ್ದು ಆಮ್ಯಾಲ."

"ಒಳಗ ಹೋಗು" ಎಂದ ಇಸಾಕಸಾಬ. ಅವತ್ತೂ ಮೆತ್ತಗೇ. "ಮಯ್ಯತ್ತಿನ ಮಾತು ಹೊರಗ ತರಬಾರ್ದು."

"ತಂದೀನಿ. ಎಲ್ಲಾರೂ ಬಂದು ನೋಡ್ರಿ."

"ನಾನೂ ನೋಡೀನಿ" ಎಂದಳು ಉಚ್ಚಂಗೆಮ್ಮ, ಅವಳ ಹಿಂದೆ ಬಂದು ನಿಂತು.

ಇಸಾಕಸಾಬ ಎದ್ದು ಟೊಪ್ಪಿಗೆ ಸರಿಮಾಡಿಕೊಂಡ. "ಐಬು ಬಿಚ್ಚಿದ ಮನಿಯ ಜನಾಜಾಕ್ಕ ಜಮಾತು ಬರಂಗಿಲ್ಲ" ಎಂದು ಹೊರಟ. ಹಿಂದೆ ಒಬ್ಬ ಎದ್ದ. ಆಮೇಲೆ ಇಬ್ಬರು. ಆಮೇಲೆ ಅಂಗಳವೇ ಎದ್ದಿತು. ಹೋಗುವಾಗ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಹತ್ತಿಯ ಉಂಡೆಗಳನ್ನು ನಾನು ಅರ್ಜಿಯ ಜೊತೆ ಲಕೋಟೆಯಲ್ಲಿಟ್ಟು ಮೇಲಿನವರಿಗೆ ಕಳಿಸಿದೆ. ಮುಟ್ಟಿದೆ ಎಂಬ ರಸೀದಿ ಬಂತು. ಬೇರೇನೂ ಬರಲಿಲ್ಲ. ಅದು ಆಮೇಲಿನ ಮಾತು.

ಅವತ್ತು ಉಳಿದ ಗಂಡಸರು ಮೂವರು. ನಾನು, ಜಂಬಕ್ಕನ ಗಂಡ ಹುಲುಗಣ್ಣ, ಕಬರು ತೋಡಿ ಮಣ್ಣುಗೈಯಲ್ಲೇ ಬಂದಿದ್ದ ಮಾಬುಸಾಬ್ ಎಂಬ ಮುದುಕ. ಹೆಣ ಹೊರುವ ಜನಾಜಾಕ್ಕೆ ನಾಲ್ಕು ಮೂಲೆ, ನಾಲ್ಕು ಹೆಗಲು ಬೇಕು. ಮಾಬುಸಾಬ್ ದಾರಿ ನೋಡಿದ. ಯಾರೂ ಬರಲಿಲ್ಲ. ನಮಾಜನ್ನು ನಾನೇ ಓದಿಸಿದೆ, ಅರ್ಧ ತಪ್ಪುತಪ್ಪಾಗಿ.

"ಹೆಂಗಸ್ರು ಕಬರಸ್ತಾನಕ್ಕ ಬರಬಾರ್ದವ್ವ" ಎಂದ ಮಾಬುಸಾಬ್, ಬಿಬಿಜಾನ್ ಸೆರಗು ಸೊಂಟಕ್ಕೆ ಸಿಕ್ಕಿಸುವುದನ್ನು ನೋಡಿ.

"ನಾಕನೇದವ ಎಲ್ಲಿ ಅದಾನ ಕರಿ ಹಂಗಾರ" ಎಂದಳು ಅವಳು.

ನಾಲ್ಕನೆಯ ಮೂಲೆಗೆ ಅವಳು ಹೆಗಲು ಕೊಟ್ಟಳು. ಅವಳ ಹೆಗಲು ನಮ್ಮದಕ್ಕಿಂತ ಗಿಡ್ಡ, ಅದಕ್ಕೇ ಜನಾಜಾ ಆ ಕಡೆಗೆ ವಾಲಿ ಭಾರವೆಲ್ಲ ಅವಳ ಮೇಲೆ ಬಿತ್ತು. ಕಾರ್ಖಾನೆಯ ಗೇಟಿನ ಮುಂದೆಯೇ ದಾರಿ. ಗೇಟು ತೆರೆದಿತ್ತು, ಲಾರಿಗೆ ಚೀಲ ಹೇರುತ್ತಿದ್ದರು. ಅಲ್ಲಿ ಅವಳಿಗೆ ಕೆಮ್ಮು ಬಂತು. ಇಳಿಸೋಣವೇನವ್ವ ಎಂದೆ. ಬೇಡವೆಂದು ಕೈ ಮಾಡಿದಳು. ಮೈಯೆಲ್ಲ ಕುಲುಕಿ ಕೆಮ್ಮಿದಳು, ನಮ್ಮ ಮೂವರ ಹೆಗಲ ಮೇಲೂ ಜನಾಜಾ ಅಲ್ಲಾಡಿತು. ಕೆಮ್ಮು ನಿಲ್ಲುವವರೆಗೆ ನಾವು ಅಲ್ಲೇ, ಗೇಟಿನ ಎದುರಿಗೇ ಹೊತ್ತುಕೊಂಡು ನಿಂತೆವು.